ಸಮೀಕರಣಗಳ ರೂಪಭಂಗ: ಒಂದು ಐತಿಹಾಸಿಕ ವಿವೇಚನೆ

೧

ಕಾಲನಿರ್ದೇಶವಿಲ್ಲದ ಶಾಸನವೊಂದು ದೊರೆತಾಗ ಶಾಸನತಜ್ಞರು ಅದರ ಅಕ್ಷರಗಳ ತಲೆಕಟ್ಟು, ಒತ್ತು, ಕೊಂಬುಗಳ ಆಕಾರವನ್ನು ಪರಿಶೀಲಿಸಿ ಅದು ಇಂಥ ಶತಮಾನದ್ದಾಗಿರಬೇಕೆಂದು ನಿರ್ಣಯಿಸುತ್ತಾರೆ. ಆ ನಿರ್ಣಯವಾದ ಮೇಲೆಯೇ ಸಂದಿಗ್ಧ ಅಕ್ಷರಗಳ ಪಾಠವನ್ನು ಗೊತ್ತುಮಾಡುವುದು ಸಾಧ್ಯ. ಗಣಕಯಂತ್ರದ ಕಡತಗಳಲ್ಲಿ ಗಣಿತ ಸಮೀಕರಣಗಳು ಕೆಟ್ಟು ತೋರುವ ವಿಷಯದಲ್ಲಿಯೂ ಇದೇ ಕ್ರಮವನ್ನು ಅನುಸರಿಸಬೇಕೆಂಬುದು ನಮ್ಮ ಅಭಿಪ್ರಾಯ. ದೋಷವನ್ನು ತಿದ್ದುವುದಕ್ಕೆ ಮೊದಲು ಆ ಸಮೀಕರಣವು ಯಾವ ಕಾಲದ ಪದ್ಧತಿಯಲ್ಲಿ ಬರೆಯಲ್ಪಟ್ಟಿತೆಂಬುದನ್ನು ನಿರ್ಣಯಿಸಬೇಕು. ಏಕೆಂದರೆ ಒಂದೊಂದು ಕಾಲದ ಪದ್ಧತಿಗೂ ತನ್ನದೇ ಆದ ದೋಷವುಂಟು. ಈ ಮಾತನ್ನು ಸ್ಥಾಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ತೊಂದರೆಯ ಸ್ವರೂಪ ಕಾಲೇಜಿನ ಅಧ್ಯಾಪಕರಿಗೆ ಅಪರಿಚಿತವೇನೂ ಅಲ್ಲ. ಒಂದು ಯಂತ್ರದಲ್ಲಿ ಸಿದ್ಧಪಡಿಸಿದ ಪ್ರಬಂಧವನ್ನೋ ಪ್ರಶ್ನಪತ್ರಿಕೆಯನ್ನೋ ಮತ್ತೊಂದು ಯಂತ್ರದಲ್ಲಿ ತೆರೆದಾಗ ಸಂಕಲನ ಚಿಹ್ನೆ ಇರಬೇಕಾದೆಡೆಯಲ್ಲಿ ಬರಿಯ ಚೌಕವೊಂದು ಕಾಣುತ್ತದೆ. ಗ್ರೀಕ್ ಅಕ್ಷರದ ಎಡೆಯಲ್ಲಿ ರೋಮನ್ ಅಕ್ಷರ ಬಂದು ಕುಳಿತಿರುತ್ತದೆ. ಭಿನ್ನರಾಶಿಯ ಅಂಶ ಕತ್ತರಿಸಿಹೋಗಿ ಛೇದ ಮಾತ್ರ ಉಳಿದಿರುತ್ತದೆ. ಇವುಗಳಲ್ಲಿ ಎರಡು ವರ್ಗಗಳನ್ನು ನಾವು ಗುರುತಿಸುತ್ತೇವೆ. ಕಣ್ಣಿಗೆ ಬೀಳುವ ದೋಷ ಒಂದು. ಕಣ್ಣಿಗೆ ಬೀಳದ ದೋಷ ಮತ್ತೊಂದು. ಚೌಕವನ್ನು ಕಂಡ ಓದುಗನು ಇಲ್ಲಿ ಏನೋ ತಪ್ಪಿದೆಯೆಂದು ಎಚ್ಚರಗೊಳ್ಳುತ್ತಾನೆ. ಆದರೆ ಹತ್ತರ ಆರನೆಯ ಘಾತವನ್ನು ಬರೆದ ಕಡೆ ಬಲಮೇಲಿನ ೬ ಕೆಳಗಿಳಿದು ೧೦ರ ಸಾಲಿಗೆ ಸೇರಿ ೧೦೬ ಎಂದಾದರೆ ಎಚ್ಚರಗೊಳ್ಳುವವರು ಯಾರು? ಹತ್ತು ಲಕ್ಷವು ನೂರ ಆರಾಯಿತು. ಸಾಲು ಮಾತ್ರ ನಿರ್ದುಷ್ಟವಾಗಿಯೇ ತೋರುತ್ತದೆ. ಎರಡನೆಯ ವರ್ಗದ ದೋಷವೇ ಹೆಚ್ಚು ಅಪಾಯಕಾರಿಯೆಂಬುದರಲ್ಲಿ ಸಂದೇಹವಿಲ್ಲ.

೨

ಸಮೀಕರಣವು ಬರೆವಣಿಗೆಯಲ್ಲಿ ಕೆಡುವುದು ಗಣಕಯಂತ್ರದಿಂದ ಆರಂಭವಾದುದಲ್ಲ. ಗಣಿತವು ಮಾತಿನ ರೂಪದಲ್ಲಿಯೇ ಇದ್ದ ಕಾಲದಲ್ಲಿ ಈ ಭಯ ಕಡಮೆಯಾಗಿತ್ತು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಸಂಸ್ಕೃತದ ಗಣಿತಸಾರಸಂಗ್ರಹವಾಗಲಿ, ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ರಚಿಸಿದ ವ್ಯವಹಾರಗಣಿತವಾಗಲಿ ಲೆಕ್ಕದ ವಿಧಿಗಳನ್ನು ನುಡಿಯಲ್ಲಿ ಹೇಳುತ್ತವೆ. ಪದ್ಯದಲ್ಲಿ ಒಂದು ಅಕ್ಷರ ಬಿಟ್ಟುಹೋದರೆ ಛಂದಸ್ಸು ಕೆಡುತ್ತದೆ. ಲಿಪಿಕಾರನ ತಪ್ಪನ್ನು ಛಂದಸ್ಸೇ ಹೊರಗೆಡಹುತ್ತದೆ. ಅಲ್ಲಿ ಅರ್ಥವು ಅಕ್ಷರಗಳ ಅನುಕ್ರಮದಲ್ಲಿದೆಯೇ ಹೊರತು ಅವು ಕುಳಿತ ಸ್ಥಾನದಲ್ಲಿಲ್ಲ.

ಸಂಜ್ಞೆಗಳು ಬಂದೊಡನೆ ಸನ್ನಿವೇಶ ಬದಲಾಯಿತು. ಭಾಸ್ಕರಾಚಾರ್ಯನ ಬೀಜಗಣಿತದ ಸಂಪ್ರದಾಯದಲ್ಲಿ ಅವ್ಯಕ್ತರಾಶಿಗಳನ್ನು 'ಯಾ', 'ಕಾ', 'ನೀ' ಎಂಬ ಅಕ್ಷರಗಳಿಂದಲೂ ವ್ಯಕ್ತಸಂಖ್ಯೆಯನ್ನು 'ರೂ' ಎಂಬುದರಿಂದಲೂ ಸೂಚಿಸಿ, ಸಮೀಕರಣದ ಎರಡು ಪಕ್ಷಗಳನ್ನು ಒಂದರ ಕೆಳಗೊಂದಾಗಿ ಬರೆಯುತ್ತಿದ್ದರು. ಋಣರಾಶಿಯ ತಲೆಯ ಮೇಲೆ ಒಂದು ಬಿಂದುವನ್ನಿಡುವುದು ವಾಡಿಕೆ. ಪ್ರತಿಮಾಡುವವನ ಕೈತಪ್ಪಿನಿಂದ ಆ ಬಿಂದು ಉದುರಿದರೆ ಋಣವು ಧನವಾಗುತ್ತದೆ. ಸಾಲಿನ ಅಂದ ಮಾತ್ರ ಕೆಡುವುದಿಲ್ಲ. ಮೇಲೆ ಹೇಳಿದ ಕಣ್ಣಿಗೆ ಬೀಳದ ದೋಷದ ಪ್ರಾಚೀನ ರೂಪವಿದು.

೧೮೮೧ರಲ್ಲಿ ಪೇಶಾವರದ ಬಳಿಯ ಬಖ್ಶಾಲಿ ಗ್ರಾಮದಲ್ಲಿ ದೊರೆತು ಈಗ ಆಕ್ಸ್‌ಫರ್ಡಿನಲ್ಲಿರುವ ಭೂರ್ಜಪತ್ರದ ಹಸ್ತಪ್ರತಿ ಇನ್ನೊಂದು ಪಾಠವನ್ನು ಕಲಿಸುತ್ತದೆ. ಅದರಲ್ಲಿ ಸಂಖ್ಯೆಯ ಮುಂದೆ ಬರೆದಿರುವ + ಆಕಾರದ ಗುರುತು ಋಣವನ್ನು ಸೂಚಿಸುತ್ತದೆ. ಇಂದಿನ ವಿದ್ಯಾರ್ಥಿಯು ಅದನ್ನು ಕಂಡೊಡನೆ ಸಂಕಲನವೆಂದೇ ಭಾವಿಸುವನು. ಆಕಾರ ಬೇರೆ, ಅರ್ಥ ಬೇರೆ. ಅವೆರಡನ್ನು ಬಂಧಿಸುವುದು ಬರೆದವನಿಗೂ ಓದುವವನಿಗೂ ಸಮಾನವಾಗಿ ತಿಳಿದ ಒಂದು ಒಪ್ಪಂದ. ಒಪ್ಪಂದ ಮರೆತುಹೋದರೆ ಆಕಾರ ಉಳಿದೂ ಅರ್ಥ ನಷ್ಟವಾಗುತ್ತದೆ. ಈ ತತ್ತ್ವವನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ. ಗಣಕಯಂತ್ರದ ಕಾಲದಲ್ಲಿ ನಡೆದುದೆಲ್ಲ ಇದರ ವಿಸ್ತಾರವೇ.

೩

ಯೂರೋಪಿನಲ್ಲಿ ಕೂಡುವ ಮತ್ತು ಕಳೆಯುವ ಚಿಹ್ನೆಗಳು ೧೪೮೯ರಲ್ಲಿ ಯೋಹಾನೆಸ್ ವಿಡ್‌ಮನ್ನನ ಗ್ರಂಥದಲ್ಲಿ ಅಚ್ಚಾದುವು. ವರ್ಗಮೂಲದ ಚಿಹ್ನೆ ೧೫೨೫ರಲ್ಲಿ ಕ್ರಿಸ್ಟೋಫ್ ರುಡಾಲ್ಫನಿಂದಲೂ, ಸಮಚಿಹ್ನೆ ೧೫೫೭ರಲ್ಲಿ ರಾಬರ್ಟ್ ರೆಕಾರ್ಡನಿಂದಲೂ ಬಂದುವು. ೧೬೩೭ರಲ್ಲಿ ಡೆಕಾರ್ಟನು ಘಾತಗಳನ್ನು ಬಲಮೇಲೆ ಬರೆಯುವ ಕ್ರಮವನ್ನು ರೂಢಿಗೆ ತಂದನು. ಮೂಲಚಿಹ್ನೆಗೆ ಮೇಲುಗೆರೆಯನ್ನು ಸೇರಿಸಿದವನೂ ಅವನೇ. ಹೀಗೆ ಒಂದೂವರೆ ಶತಮಾನದೊಳಗೆ ಸಮೀಕರಣವು ಒಂದು ಸಾಲಿನ ಬರೆಹವಾಗಿ ಉಳಿಯದೆ, ಮೇಲು ಕೆಳಗು ಎಂಬ ಭೇದವುಳ್ಳ ಚಿತ್ರವಾಯಿತು. ಸ್ಥಾನವೂ ಅರ್ಥವನ್ನು ಹೊರತೊಡಗಿತು.

ಆದರೆ ಅಚ್ಚಿನ ಮೊಳೆ ಸಾಲಿನಲ್ಲಿ ನಿಲ್ಲುವ ವಸ್ತು. ಭಿನ್ನರಾಶಿಯೊಂದನ್ನು ಕೂಡಿಸಬೇಕಾದರೆ ಅಂಶ, ಗೆರೆ, ಛೇದ ಇವುಗಳನ್ನು ಬೇರೆಬೇರೆಯಾಗಿ ಜೋಡಿಸಿ, ಸುತ್ತಲಿನ ತೆರವನ್ನು ಸೀಸದ ತುಂಡುಗಳಿಂದ ತುಂಬಬೇಕಾಗಿತ್ತು. ಆದಕಾರಣ ಗಣಿತದ ಪುಟಗಳಿಗೆ ಮುದ್ರಣಾಲಯಗಳು ಹೆಚ್ಚಿನ ಕೂಲಿಯನ್ನು ವಿಧಿಸುತ್ತಿದ್ದುವು. ಭಿನ್ನರಾಶಿಯನ್ನು ಓರೆಗೆರೆಯಿಂದ ಒಂದೇ ಸಾಲಿನಲ್ಲಿ ಬರೆಯಬಹುದೆಂದು ೧೮೪೫ರಲ್ಲಿ ಡಿ ಮಾರ್ಗನ್ ಸೂಚಿಸಿದುದೂ, ೧೮೮೦ರಲ್ಲಿ ಜಾರ್ಜ್ ಸ್ಟೋಕ್ಸ್ ತನ್ನ ಗ್ರಂಥದಲ್ಲಿ ಅದನ್ನು ಬಳಸಿದುದೂ ಮೊಳೆ ಜೋಡಿಸುವವನ ಕಷ್ಟವನ್ನು ತಗ್ಗಿಸುವುದಕ್ಕಾಗಿಯೇ. ಇಂದು ನಾವು ಸಹಜವೆಂದು ತಿಳಿದಿರುವ ಸಂಕೇತಗಳಲ್ಲಿ ಕೆಲವು ಮುದ್ರಣಾಲಯದ ಅನುಕೂಲದಿಂದ ಹುಟ್ಟಿದುವೆಂಬುದು ಗಮನಾರ್ಹ. ೧೯೫೪ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು ಗಣಿತದ ಮುದ್ರಣವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಬೇಕಾಯಿತೆಂದರೆ ಈ ವಿದ್ಯೆಯ ತೊಡಕನ್ನು ಊಹಿಸಬಹುದು.

ಅಚ್ಚಿನ ತೊಡಕನ್ನು ತಪ್ಪಿಸಿಕೊಳ್ಳುವ ಒಂದು ಮಾರ್ಗವೆಂದರೆ ಚಿತ್ರವನ್ನೇ ತೆಗೆಯುವುದು. ಶ್ರೀನಿವಾಸ ರಾಮಾನುಜನ್ ಅವರ ಟಿಪ್ಪಣಿ ಪುಸ್ತಕಗಳನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ೧೯೫೭ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದಾಗ ಮೊಳೆ ಕೂಡಿಸಲಿಲ್ಲ. ಅವರ ಕೈಬರೆಹದ ಛಾಯಾಪ್ರತಿಯನ್ನೇ ಅಚ್ಚುಮಾಡಲಾಯಿತು. ಅದರಿಂದ ಆಕಾರಕ್ಕೆ ಎಳ್ಳಷ್ಟೂ ಭಂಗ ಬರಲಿಲ್ಲ. ಆದರೆ ಛಾಯಾಪ್ರತಿಯು ತಾನು ಏನನ್ನು ಹೇಳುತ್ತಿದೆಯೆಂಬುದನ್ನು ತಾನರಿಯದು. ಅದನ್ನು ಮನುಷ್ಯನೇ ಓದಿ ಪುನಃ ಬರೆಯಬೇಕು. ಬ್ರೂಸ್ ಬರ್ನ್ಟ್ ಅವರು ಆ ಪುಸ್ತಕಗಳನ್ನು ಪರಿಷ್ಕರಿಸಿ ಸಾಧನೆಗಳೊಡನೆ ಐದು ಭಾಗಗಳಲ್ಲಿ ಹೊರತಂದುದು ೧೯೮೫ರಿಂದ ೧೯೯೮ರವರೆಗೆ. ಆಕಾರವನ್ನು ಉಳಿಸುವುದು ಒಂದು ಕೆಲಸ, ಅರ್ಥವನ್ನು ಉಳಿಸುವುದು ಮತ್ತೊಂದು ಕೆಲಸವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೪

ಗಣಕಯಂತ್ರವು ಅಕ್ಷರವನ್ನು ಆಕಾರವಾಗಿ ಇಟ್ಟುಕೊಳ್ಳುವುದಿಲ್ಲ, ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ೧೯೬೩ರಲ್ಲಿ ಅಮೆರಿಕದಲ್ಲಿ ನಿಗದಿಯಾದ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ ಇದ್ದುದು ೧೨೮ ಸ್ಥಾನಗಳು ಮಾತ್ರ. ಅದರಲ್ಲಿ ಗ್ರೀಕ್ ಅಕ್ಷರಗಳಿಗೆ ಎಡೆಯಿರಲಿಲ್ಲ. ಪದಗಳನ್ನು ಕೂಡಿಸುವ ಅಡ್ಡಗೆರೆಗೂ ವ್ಯವಕಲನದ ಚಿಹ್ನೆಗೂ ಒಂದೇ ಸ್ಥಾನ. ಇಂದಿಗೂ ಸಾಲಿನ ತುದಿಯಲ್ಲಿ ಋಣಚಿಹ್ನೆ ಒಂಟಿಯಾಗಿ ನಿಂತು, ಅದರ ಸಂಖ್ಯೆ ಮುಂದಿನ ಸಾಲಿಗೆ ಹೋಗುವುದನ್ನು ಕಾಣುತ್ತೇವೆ. ಯಂತ್ರವು ಅದನ್ನು ಪದವನ್ನು ಮುರಿಯಬಹುದಾದ ಅಡ್ಡಗೆರೆಯೆಂದು ತಿಳಿಯುವುದೇ ಇದಕ್ಕೆ ಕಾರಣ.

ಸ್ಥಾನಗಳ ಈ ಬಡತನವನ್ನು ನೀಗಿಸಲು ೧೯೮೦ರ ದಶಕದಲ್ಲಿ ಕಂಡುಕೊಂಡ ಉಪಾಯ ವೇಷಾಂತರ. 'ಸಿಂಬಲ್' ಎಂಬ ಫಾಂಟಿನಲ್ಲಿ ರೋಮನ್ ಅಕ್ಷರಗಳ ಸಂಖ್ಯೆಗಳಿಗೆ ಗ್ರೀಕ್ ಅಕ್ಷರಗಳ ಆಕಾರವನ್ನು ತೊಡಿಸಿದರು. ಕಡತದಲ್ಲಿರುವುದು ರೋಮನ್ 'ಎಂ' ಅಕ್ಷರದ ಸಂಖ್ಯೆ; ಕಾಣುವುದು ಗ್ರೀಕಿನ 'ಮ್ಯೂ'. ಫಾಂಟು ಇರುವವರೆಗೆ ಯಾವ ಬಾಧಕವೂ ಇಲ್ಲ. ಕಡತವು ಬೇರೆಡೆಗೆ ಹೋಗಿ ಫಾಂಟಿನ ಹೆಸರು ಕಳಚಿದೊಡನೆ ವೇಷ ಕಳಚುತ್ತದೆ. ಮ್ಯೂ ಎಂಬುದು ದಶಲಕ್ಷಾಂಶದ ಸೂಚಕ, ಎಂ ಎಂಬುದು ಸಹಸ್ರಾಂಶದ ಸೂಚಕ. ಆದುದರಿಂದ ಮೈಕ್ರೋಗ್ರಾಂ ಎಂದು ಬರೆದುದು ಮಿಲಿಗ್ರಾಂ ಎಂದಾಗುತ್ತದೆ. ಔಷಧದ ಪ್ರಮಾಣವನ್ನು ಹೇಳುವ ಸಾಲಿನಲ್ಲಿ ಇದು ಸಾವಿರ ಪಟ್ಟು ವ್ಯತ್ಯಾಸ. ಅದರ ಫಲವೇನೆಂಬುದನ್ನು ವಿವರಿಸಬೇಕಾದುದಿಲ್ಲ.

ಕನ್ನಡಿಗರಿಗೆ ಈ ರೋಗ ಮನೆಯ ರೋಗವೇ ಆಗಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕಾರವನ್ನು ತೊಡಿಸಿದ್ದುವು. ಫಾಂಟು ಇಲ್ಲದ ಯಂತ್ರದಲ್ಲಿ ಅಂಥ ಲೇಖನವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವುದು. ಗಣಿತದ ಪ್ರಶ್ನಪತ್ರಿಕೆಯಲ್ಲಿಯಾದರೋ ತೊಂದರೆ ಇಮ್ಮಡಿ. ಇಡೀ ಪುಟವನ್ನು ಆಯ್ದು ಕನ್ನಡ ಫಾಂಟನ್ನು ಹಾಕಿದರೆ ಸಾಮಾನ್ಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಎಕ್ಸ್, ವೈ ಎಂಬ ಅವ್ಯಕ್ತಗಳು ಕನ್ನಡ ಅಕ್ಷರಗಳ ಚೂರುಗಳಾಗುತ್ತವೆ. ರೋಮನ್ ಫಾಂಟನ್ನು ಹಾಕಿದರೆ ಕನ್ನಡ ವಾಕ್ಯ ಕೆಡುತ್ತದೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೂ ಗ್ರೀಕಿಗೂ ಗಣಿತದ ಕ್ರಿಯಾಚಿಹ್ನೆಗಳಿಗೂ ಬೇರೆಬೇರೆ ಸ್ಥಾನಗಳು ದೊರೆತುವು. ಋಣಚಿಹ್ನೆಯೂ ಅಡ್ಡಗೆರೆಯಿಂದ ಬೇರ್ಪಟ್ಟಿತು. ಆದರೆ ಅದಕ್ಕೆ ಮುಂಚಿನ ಪದ್ಧತಿಯಲ್ಲಿ ಬರೆದ ಕಡತಗಳು ತಾವಾಗಿ ತಿದ್ದಿಕೊಳ್ಳಲಾರವು.

೫

ಎರಡನೆಯ ಪದ್ಧತಿ ೧೯೯೦ರ ದಶಕದ್ದು. ಮೈಕ್ರೋಸಾಫ್ಟ್ ಸಂಸ್ಥೆಯ ವರ್ಡ್ ಎಂಬ ಪದಸಂಸ್ಕಾರಕದೊಡನೆ 'ಈಕ್ವೇಶನ್ ಎಡಿಟರ್' ಎಂಬ ಪ್ರತ್ಯೇಕ ಸಾಧನ ಬಂದಿತು. ಡಿಸೈನ್ ಸೈನ್ಸ್ ಎಂಬ ಸಂಸ್ಥೆ ನಿರ್ಮಿಸಿದ ಇದರಲ್ಲಿ ಸಮೀಕರಣವು ಪುಟದೊಳಗಿನ ಬರೆಹವಲ್ಲ. ಪುಟದಲ್ಲಿ ಕೂರಿಸಿದ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮುಖದ ಮೇಲೆ ಒಂದು ಚಿತ್ರ, ಒಳಗೆ ಆ ಸಾಧನಕ್ಕೆ ಮಾತ್ರ ತಿಳಿಯುವ ಬರೆಹ. ಚಿತ್ರ ಸರಿಯಾಗಿ ಕಾಣಬೇಕಾದರೆ 'ಎಂಟಿ ಎಕ್ಸ್‌ಟ್ರಾ' ಎಂಬ ಫಾಂಟಿನ ನೆರವೂ ಬೇಕು. ಪುಟದ ಸಾಲುಗಳ ಎತ್ತರವನ್ನು ಕಟ್ಟುನಿಟ್ಟಾಗಿ ನಿಗದಿಮಾಡಿದರೆ ಆ ಎತ್ತರವನ್ನು ಮೀರಿದ ಪೆಟ್ಟಿಗೆಯ ಮೇಲುಭಾಗ ಕತ್ತರಿಸಿಹೋಗುತ್ತದೆ. ಅಂಶವಿಲ್ಲದ ಭಿನ್ನರಾಶಿಗಳು ಹುಟ್ಟುವುದು ಹೀಗೆ.

ಈ ಸಾಧನದ ಅಂತ್ಯವು ಇತಿಹಾಸದ ವಿದ್ಯಾರ್ಥಿಗಳ ಗಮನಕ್ಕೆ ಯೋಗ್ಯವಾದುದು. ೨೦೦೦ದ ನವೆಂಬರಿನಲ್ಲಿ ಸಿದ್ಧಪಡಿಸಿದ ಅದರ ಕಾರ್ಯಕಡತವೇ ಹದಿನೇಳು ವರ್ಷಗಳ ಕಾಲ ಬಳಕೆಯಲ್ಲಿತ್ತು. ಅದರಲ್ಲಿದ್ದ ದೌರ್ಬಲ್ಯವೊಂದರ ಮೂಲಕ ಹೊರಗಿನವರು ಯಂತ್ರವನ್ನು ವಶಪಡಿಸಿಕೊಳ್ಳಬಹುದೆಂಬುದು ೨೦೧೭ರ ನವೆಂಬರಿನಲ್ಲಿ ಬಹಿರಂಗವಾಯಿತು. ೨೦೧೮ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಆ ಸಾಧನವನ್ನೇ ತೆಗೆದುಹಾಕಿತು. ಅಂದಿನಿಂದ ಹಳೆಯ ಪೆಟ್ಟಿಗೆಗಳು ಬೀಗದ ಕೈ ಕಳೆದ ಪೆಟ್ಟಿಗೆಗಳಂತಾದುವು: ಮುಖದ ಚಿತ್ರ ಕಾಣುತ್ತದೆ, ಒಳಗಿನದನ್ನು ಆ ಸಾಧನದಿಂದ ತಿದ್ದುವುದು ಸಾಧ್ಯವಿಲ್ಲ. ಒಂದು ಲಿಪಿಯನ್ನು ಬಲ್ಲವರೆಲ್ಲರೂ ಒಂದೇ ದಿನ ಇಲ್ಲವಾದರೆ ಹೇಗೋ ಹಾಗೆ. ವರ್ಡ್‌ನ ಈಚಿನ ಆವೃತ್ತಿಗಳಲ್ಲಿ ಹಳೆಯ ಸಮೀಕರಣಗಳನ್ನು ಹೊಸ ರೂಪಕ್ಕೆ ಪರಿವರ್ತಿಸುವ ಸೌಕರ್ಯವುಂಟು. ಅದಿಲ್ಲದವರು ಬೇರೆ ತಂತ್ರಾಂಶದ ಮರೆಹೋಗಬೇಕು.

ಮೂರನೆಯ ಪದ್ಧತಿ ೨೦೦೭ರ ಆಫೀಸ್ ಆವೃತ್ತಿಯೊಡನೆ ಬಂದುದು. ಇದರಲ್ಲಿ ಸಮೀಕರಣವು ಪೆಟ್ಟಿಗೆಯಲ್ಲ, ಬರೆಹದ ಭಾಗವೇ. ಇದು ಅಂಶ, ಇದು ಛೇದ, ಇದು ಘಾತ ಎಂದು ಕಡತದಲ್ಲಿಯೇ ನಮೂದಾಗಿರುತ್ತದೆ. ಆ ನಮೂದಿನ ಕ್ರಮವೂ ಬಹಿರಂಗವಾಗಿ ಪ್ರಕಟವಾದ ಮಾನಕದಲ್ಲಿದೆ. 'ಕೇಂಬ್ರಿಯಾ ಮ್ಯಾಥ್' ಎಂಬ ಫಾಂಟು ಇದಕ್ಕಾಗಿಯೇ ನಿರ್ಮಿತವಾದುದು. ಆದರೆ ಹೊಸ ಕಡತವನ್ನು ೨೦೦೭ಕ್ಕೆ ಹಿಂದಿನ ರೂಪದಲ್ಲಿ ಉಳಿಸಿದೊಡನೆ ಸಮೀಕರಣಗಳೆಲ್ಲ ಚಿತ್ರಗಳಾಗಿಬಿಡುತ್ತವೆ. ರಾಮಾನುಜನ್ ಟಿಪ್ಪಣಿಗಳ ಛಾಯಾಪ್ರತಿಯಂತೆಯೇ ಇಲ್ಲಿಯೂ ಆಕಾರ ಉಳಿಯುತ್ತದೆ, ಅರ್ಥ ಹೋಗುತ್ತದೆ. ಲಿಬ್ರೆ ಆಫೀಸ್ ಮೊದಲಾದ ತಂತ್ರಾಂಶಗಳು ೧೯೯೮ರಲ್ಲಿ ರೂಪುಗೊಂಡ ಮ್ಯಾಥ್‌ಎಂಎಲ್ ಎಂಬ ಮಾನಕವನ್ನು ಅನುಸರಿಸುತ್ತವೆ. ಒಂದು ಮಾನಕದಿಂದ ಮತ್ತೊಂದಕ್ಕೆ ಹೋಗುವಾಗ ಅಂತರ, ಆವರಣಗಳ ಗಾತ್ರ, ಸಾಲುಗಳ ಜೋಡಣೆ ಇವು ವ್ಯತ್ಯಾಸವಾಗುವುದುಂಟು.

೬

ಇವೆಲ್ಲಕ್ಕಿಂತ ಬೇರೆಯಾದ ಒಂದು ಸಂಪ್ರದಾಯವನ್ನು ಇಲ್ಲಿ ಸ್ಮರಿಸಬೇಕು. ೧೯೭೦ರ ದಶಕದ ಮಧ್ಯದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬ್ರಯನ್ ಕರ್ನಿಘನ್ ಮತ್ತು ಲೊರಿಂಡಾ ಚೆರಿ ಅವರು ಸಮೀಕರಣವನ್ನು ಬಾಯಲ್ಲಿ ಓದುವಂತೆಯೇ ಬರೆಯುವ ಒಂದು ಭಾಷೆಯನ್ನು ರಚಿಸಿದರು. ಡೊನಾಲ್ಡ್ ಕ್ನೂತ್ ಅವರು ತಮ್ಮ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಗೆ ೧೯೭೭ರಲ್ಲಿ ಬಂದ ಕರಡಚ್ಚನ್ನು ನೋಡಿದರು. ೧೯೬೯ರ ಮೊದಲ ಆವೃತ್ತಿ ಸೀಸದ ಮೊಳೆಗಳಿಂದ ಸೊಗಸಾಗಿ ಅಚ್ಚಾಗಿತ್ತು. ಹೊಸ ಯಂತ್ರದ ಪುಟಗಳು ಅವರಿಗೆ ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ಅವರು ಟೆಕ್ ಎಂಬ ವ್ಯವಸ್ಥೆಯ ರಚನೆಗೆ ತೊಡಗಿದರು. ಅದರಲ್ಲಿಯೂ ಲೇಖಕನು ಬರೆಯುವುದು ಸಾಮಾನ್ಯ ಅಕ್ಷರಗಳಿಂದ ಕೂಡಿದ ಸಾಲುಗಳನ್ನೇ; ಮೇಲು ಕೆಳಗುಗಳನ್ನು ಯಂತ್ರವು ಅನಂತರ ಏರ್ಪಡಿಸುತ್ತದೆ. ಕ್ನೂತ್ ಅವರು ೧೯೯೦ರ ಅನಂತರ ಅದಕ್ಕೆ ಹೊಸ ಗುಣಗಳನ್ನು ಸೇರಿಸದೆ ದೋಷಗಳನ್ನು ಮಾತ್ರ ತಿದ್ದುತ್ತ ಬಂದಿದ್ದಾರೆ. ಪ್ರತಿ ತಿದ್ದುಪಡಿಗೂ ಆವೃತ್ತಿಯ ಸಂಖ್ಯೆ ಪೈ ಎಂಬ ಸ್ಥಿರಾಂಕಕ್ಕೆ ಒಂದೊಂದು ಅಂಕಿಯಷ್ಟು ಹತ್ತಿರವಾಗುತ್ತದೆ. ಈ ಸ್ಥಿರತೆಯಿಂದಾಗಿ ಹಲವು ದಶಕಗಳ ಹಿಂದಿನ ಬರೆಹವನ್ನೂ ಇಂದು ಪುಟಗಟ್ಟುವುದು ಸಾಧ್ಯವಾಗಿದೆ.

ಈ ಸಂಪ್ರದಾಯದಲ್ಲಿ ಸಮೀಕರಣವು ಪುನಃ ನುಡಿಯಾಗಿದೆಯೆಂಬುದು ವಿಚಾರಾರ್ಹ. ಅರ್ಥವು ಸ್ಥಾನದಿಂದ ಬಿಡಿಸಿಕೊಂಡು ಅನುಕ್ರಮಕ್ಕೆ ಮರಳಿದೆ. ಮಹಾವೀರಾಚಾರ್ಯನ ಸೂತ್ರಕ್ಕೂ ಇದಕ್ಕೂ ನೇರವಾದ ಸಂಬಂಧವಿದೆಯೆಂದು ನಾವು ಹೇಳುವುದಿಲ್ಲ. ಸಾಲಾಗಿ ಉಚ್ಚರಿಸಬಹುದಾದುದು ಪ್ರತಿಯಿಂದ ಪ್ರತಿಗೆ ಸುರಕ್ಷಿತವಾಗಿ ಸಾಗುತ್ತದೆಂಬ ಒಂದೇ ತತ್ತ್ವವು ಎರಡು ಕಡೆಗಳಲ್ಲಿಯೂ ಕಂಡುಬರುವುದೆಂದು ಮಾತ್ರ ಹೇಳುತ್ತೇವೆ.

೭

ಇನ್ನು ಕಾಲನಿರ್ಣಯದ ಕ್ರಮ. ಕೆಟ್ಟ ಸಮೀಕರಣದ ಮೇಲೆ ಸೂಚಕವನ್ನಿಟ್ಟು ಒತ್ತಿದಾಗ ಅದು ಸಾಮಾನ್ಯ ಪದದಂತೆ ಅಕ್ಷರ ಅಕ್ಷರವಾಗಿ ಆಯ್ಕೆಯಾದರೆ ಅದು ಮೊದಲನೆಯ ಪದ್ಧತಿಯದು. ಇಡೀ ಸಮೀಕರಣವು ಚೌಕಟ್ಟಿನೊಳಗೆ ಒಂದೇ ವಸ್ತುವಾಗಿ ಸಿಕ್ಕಿದರೆ ಎರಡನೆಯದು, ಇಲ್ಲವೆ ಬರಿಯ ಚಿತ್ರ. ಸೂಚಕವು ಒಳಹೊಕ್ಕು ಅಂಶಕ್ಕೂ ಛೇದಕ್ಕೂ ಬೇರೆಬೇರೆಯಾಗಿ ಹೋಗಬಲ್ಲುದಾದರೆ ಮೂರನೆಯದು.

ಮೊದಲನೆಯದಾದಲ್ಲಿ ಫಾಂಟಿನ ಹೆಸರನ್ನು ನೋಡಿ ಅದನ್ನು ಮರಳಿ ಹಾಕಬೇಕು. ಅನಂತರ ಪ್ರತಿ ಚಿಹ್ನೆಯನ್ನೂ ಯೂನಿಕೋಡಿನ ಚಿಹ್ನೆಗೆ ಬದಲಿಸಬೇಕು. ಎರಡನೆಯದಾದಲ್ಲಿ ಮೇಲುಭಾಗ ಕತ್ತರಿಸಿದ್ದರೆ ಸಾಲಿನ ಎತ್ತರದ ಕಟ್ಟನ್ನು ಸಡಿಲಿಸಿದರೆ ಸಾಕು. ಸಮೀಕರಣದ ಬದಲು ಪುಷ್ಪಾವರಣದೊಳಗೆ ರೋಮನ್ ಪದಗಳು ಕಾಣುತ್ತಿದ್ದರೆ ಅದು ಕೆಟ್ಟಿಲ್ಲ. ಒಳಗಿನ ಸಂಕೇತ ಹೊರಬಿದ್ದಿದೆ, ಅಷ್ಟೆ. ಆಲ್ಟ್ ಮತ್ತು ಎಫ್-೯ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಮರೆಯಾಗುತ್ತದೆ. ಚಿಹ್ನೆಗಳು ಚೌಕಗಳಾಗಿದ್ದರೆ ಎಂಟಿ ಎಕ್ಸ್‌ಟ್ರಾ ಫಾಂಟು ಇದೆಯೇ ಎಂದು ನೋಡಬೇಕು. ತಿದ್ದಬೇಕಾದಲ್ಲಿ ಪರಿವರ್ತನೆಯೊಂದೇ ಮಾರ್ಗ. ಮೂರನೆಯದಾದಲ್ಲಿ ಕಡತವು ಹಳೆಯ ರೂಪದಲ್ಲಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಸಮೀಕರಣಗಳು ಈಗಾಗಲೇ ಚಿತ್ರಗಳಾಗಿದ್ದರೆ ಆ ಪ್ರತಿಯಲ್ಲಿ ಕಾಲ ಕಳೆಯುವುದು ವ್ಯರ್ಥ. ಲೇಖಕನ ಮೂಲಪ್ರತಿಯನ್ನು ಹುಡುಕಬೇಕು. ಯಾವ ಪದ್ಧತಿಯದಾದರೂ ಕೊನೆಯಲ್ಲಿ ಘಾತ, ಋಣಚಿಹ್ನೆ, ಮಾನಸೂಚಕಗಳನ್ನು ಮೂಲದೊಡನೆ ಒಂದೊಂದಾಗಿ ತಾಳೆ ನೋಡುವುದು ಅನಿವಾರ್ಯ. ಕಣ್ಣಿಗೆ ಬೀಳದ ದೋಷಕ್ಕೆ ಇದರ ಹೊರತು ಮದ್ದಿಲ್ಲ.

ಈ ಶ್ರಮ ಏಕೆಂದು ಯಾರಾದರೂ ಕೇಳಬಹುದು. ೧೯೯೦ರ ದಶಕದಿಂದ ಈಚೆಗೆ ಪದಸಂಸ್ಕಾರಕಗಳಲ್ಲಿ ಸಿದ್ಧವಾದ ಪ್ರೌಢಪ್ರಬಂಧಗಳೂ ಪಾಠಟಿಪ್ಪಣಿಗಳೂ ಅಸಂಖ್ಯಾತ. ಅವುಗಳ ಅಚ್ಚುಪ್ರತಿ ಗ್ರಂಥಾಲಯದಲ್ಲಿ ಉಳಿದೀತು. ಆದರೆ ಮುಂದಿನ ಸಂಶೋಧಕನು ಅವುಗಳ ಕಡತವನ್ನು ತೆರೆದು ಸಮೀಕರಣವನ್ನು ಎತ್ತಿಕೊಳ್ಳುವಾಗ ಅವನ ಕೈಗೆ ಸಿಗುವುದು ಲೇಖಕನು ಬರೆದುದೇ ಎಂಬ ಭರವಸೆಯಿಲ್ಲ. ಆದುದರಿಂದ ಅಂಥ ಕೃತಿಗಳನ್ನು ಮೂರು ರೂಪಗಳಲ್ಲಿ ಕಾಪಾಡುವುದು ಒಳ್ಳೆಯದು: ಬಹಿರಂಗ ಮಾನಕವನ್ನು ಅನುಸರಿಸಿದ ತಿದ್ದಬಹುದಾದ ಕಡತ; ಫಾಂಟುಗಳನ್ನು ಒಳಗೊಂಡ ಪಿಡಿಎಫ್ ಪ್ರತಿ; ಮುಖ್ಯ ಸಮೀಕರಣಗಳಿಗಾದರೂ ಅವುಗಳ ಅರ್ಥವನ್ನು ನುಡಿಯಲ್ಲಿ ಹೇಳುವ ಒಂದೊಂದು ವಾಕ್ಯ. ಮೊದಲನೆಯದು ತಿದ್ದುವವನಿಗೆ, ಎರಡನೆಯದು ನೋಡುವವನಿಗೆ. ಮೂರನೆಯದು, ಮೊದಲೆರಡೂ ಕೈಕೊಟ್ಟಾಗ, ಪಾಠವನ್ನು ನಿರ್ಣಯಿಸಬೇಕಾದ ಮುಂದಿನ ಕಾಲದ ವಿದ್ವಾಂಸನಿಗೆ.